ಐವತ್ತೆರಡನೇ ನಂಬರಿನ ಮುಚ್ಚಳ

“ಮೂರು ಸಾವಿರದ ಇನ್ನೂರು!” ಎಂದು ಕೂಗಿ ತಾತ ಸ್ಟೀಲ್ ಲೋಟದ ಮೇಲೆ ಚಮಚದಿಂದ ಟಣ್ ಎಂದು ಬಾರಿಸಿದರು.

“ಅಪ್ಪಾ, ಇದು ಆನ್‌ಲೈನ್ ಹರಾಜು. ನೀನು ಇಲ್ಲಿ ಗಂಟಲು ಹರ್ಕೊಂಡ್ರೆ ಅಲ್ಲಿ ಯಾರಿಗೂ ಕೇಳ್ಸಲ್ಲ,” ಎಂದಳು ಚಿಕ್ಕಮ್ಮ.

“ನನಗೆ ಕೇಳ್ಸುತ್ತಲ್ಲ, ಸಾಕು.”

ಗಡಿಬಿಡಿ ಲ್ಯಾಪ್‌ಟಾಪಿನ ಮುಂದೆ ಕುರ್ಚಿಯ ಮೇಲೆ ಮಂಡಿಯೂರಿ ಕೂತಿದ್ದಳು. ಕೂತಿದ್ದಳು ಎನ್ನುವುದಕ್ಕಿಂತ ಕುಣಿಯುತ್ತಿದ್ದಳು ಎನ್ನುವುದೇ ಸರಿ. ಪರದೆಯ ಮೇಲೆ ಒಂದು ನೀಲಿ ಗಾಜಿನ ಬಾಟಲಿಯ ಚಿತ್ರವಿತ್ತು. ಅದರ ಕೆಳಗಿನ ಅಂಕಿ ನೋಡನೋಡುತ್ತಿದ್ದಂತೆ ಬದಲಾಯಿತು.

“ಮೂರು ಸಾವಿರದ ಐನೂರು! ಚಿಕ್ಕಮ್ಮಾ, ಮೂರೂವರೆ ಸಾವಿರ! ನಾಲ್ಕನೇ ನಂಬರ್ ಮತ್ತೆ ಬಿಡ್ ಹಾಕಿದ್ರು!”

ಟಣ್!

ಗಡಿಬಿಡಿಗೆ ಶಾಲೆಯ ರಿಜಿಸ್ಟರಿನಲ್ಲಿ ಒಂದು ಒಳ್ಳೆಯ ಹೆಸರಿತ್ತು. ಆದರೆ ಒಂದು ಕಾಲಿಗೆ ಬಿಳಿ ಸಾಕ್ಸ್, ಇನ್ನೊಂದಕ್ಕೆ ಕಪ್ಪು ಸಾಕ್ಸ್ ಹಾಕಿಕೊಂಡು ಅಸೆಂಬ್ಲಿಯಲ್ಲಿ ನಿಂತವಳನ್ನು, ಹಾಳೆ ತಿರುಗಿಸುವುದನ್ನು ಮರೆತು ಅರ್ಧ ಪರೀಕ್ಷೆ ಬರೆದು ಎಲ್ಲರಿಗಿಂತ ಮೊದಲು ಹೊರಗೆ ಬಂದವಳನ್ನು ಯಾರು ತಾನೇ ಆ ಹೆಸರಿನಿಂದ ಕರೆಯುತ್ತಾರೆ? ಮನೆಯವರಿಗೂ ಅವಳು ಗಡಿಬಿಡಿ, ಗೆಳತಿಯರಿಗೂ ಗಡಿಬಿಡಿ. ಪೋಸ್ಟ್‌ಮ್ಯಾನ್ ಕೂಡ ಹಾಗೇ ಕರೆಯುತ್ತಿದ್ದ.

ಮೆಟ್ಟಿಲು ಇಳಿದರೆ ಗಡಿಬಿಡಿಯ ಮನೆ, ಹತ್ತಿದರೆ ಚಿಕ್ಕಮ್ಮ ಮತ್ತು ತಾತನ ಮನೆ. ಚಿಕ್ಕಮ್ಮ ಹಳೆಯ ಗಾಜಿನ ಸಾಮಾನು ಮಾರುತ್ತಿದ್ದಳು. ಯಾರಾದರೂ ಮನೆ ಖಾಲಿ ಮಾಡುತ್ತಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದು ಹೊರಟುಬಿಡುತ್ತಿದ್ದಳು. ಬೇರೆಯವರು ಹಳೇದು ಎಂದು ಮೂಲೆಗೆ ಎಸೆದ ಬಟ್ಟಲು, ಹೂದಾನಿ, ಲೋಟ, ಬಾಟಲಿಗಳನ್ನೆಲ್ಲ ಕೊಂಡು ತಂದು, ತೊಳೆದು, ಫೋಟೊ ತೆಗೆದು, ಆನ್‌ಲೈನ್ ಹರಾಜಿಗೆ ಹಾಕುತ್ತಿದ್ದಳು. ಅವು ಎಷ್ಟೋ ಊರುಗಳಿಗೆ ಹೋಗುತ್ತಿದ್ದವು.

ಆ ಮನೆಯ ಮುಂದಿನ ಕೋಣೆಯಲ್ಲಿ ಮೂರು ಗೋಡೆಗೂ ಕಪಾಟು. ಒಂದರಲ್ಲಿ ಹಸಿರು ಗಾಜು, ಒಂದರಲ್ಲಿ ಜೇನಿನ ಬಣ್ಣದ್ದು, ಕಿಟಕಿಯ ಪಕ್ಕದ್ದರಲ್ಲಿ ನೀಲಿ. ಮಧ್ಯಾಹ್ನದ ಬಿಸಿಲು ಬಿದ್ದರೆ ನೆಲದ ಮೇಲೆಲ್ಲ ಬಣ್ಣ ಚೆಲ್ಲುತ್ತಿತ್ತು. ಗಡಿಬಿಡಿಗೆ ಪ್ರಪಂಚದಲ್ಲೇ ಅತಿ ಇಷ್ಟವಾದ ಜಾಗ ಅದು. ಆದರೆ ಅಲ್ಲಿ ಅವಳಿಗಿದ್ದ ಕೆಲಸ ಒಂದೇ. ಪ್ಯಾಕ್ ಮಾಡಲು ಬೇಕಾದ ಗುಳ್ಳೆ ಶೀಟನ್ನು ಕತ್ತರಿಸುವುದು. ಗಾಜು ಮುಟ್ಟುವ ಹಾಗಿರಲಿಲ್ಲ. “ಅವಳ ಕೈಗೆ ಗಾಜು ಕೊಡೋದೂ ಒಂದೇ, ನೆಲಕ್ಕೆ ಹಾಕೋದೂ ಒಂದೇ,” ಎಂದು ಅಮ್ಮನೇ ಹೇಳಿಬಿಟ್ಟಿದ್ದಳು.

ಎರಡು ವರ್ಷ ಗುಳ್ಳೆ ಶೀಟು ಕತ್ತರಿಸಿದ ಮೇಲೆ, ಹೋದ ತಿಂಗಳು ಚಿಕ್ಕಮ್ಮ ಕೊನೆಗೂ ಮನಸ್ಸು ಮಾಡಿದ್ದಳು. ಟಬ್ಬಿನ ತಳಕ್ಕೆ ದಪ್ಪ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು ತುಂಬಿಸಿ, “ಇವತ್ತಿಂದ ನೀನು ತೊಳಿ. ರೂಲ್ಸ್ ಒಂದೇ. ಟಬ್ಬಿನಲ್ಲಿ ಒಂದು ಸಲಕ್ಕೆ ಒಂದೇ ಸಾಮಾನು. ಅದು ಒರೆಸಿ ಕಪಾಟಿಗೆ ಹೋದ ಮೇಲೇನೇ ಇನ್ನೊಂದು,” ಎಂದಿದ್ದಳು.

ಅವತ್ತು ಗಡಿಬಿಡಿ ತೊಳೆದದ್ದು ಎರಡು ನೀಲಿ ಬಾಟಲಿ. ಒಂದೇ ಮನೆಯಿಂದ ಬಂದ ಜೋಡಿ. ಮೊದಲನೆಯದು ಆಗಲೇ ಮಾರಾಟವಾಗಿ ಹೋಗಿತ್ತು. ಎರಡನೆಯದರ ಹರಾಜು ಇವತ್ತು, ಭಾನುವಾರ, ಸಂಜೆ ನಾಲ್ಕಕ್ಕೆ ಮುಗಿಯುವುದಿತ್ತು.

“ಇದೊಂದು ಸರಿಯಾಗಿ ಮುಗೀಲಿ. ಆಮೇಲೆ ತೊಳೆಯೋ ಕೆಲಸ ನಿಂದೇ, ಪರ್ಮನೆಂಟ್,” ಎಂದು ಬೆಳಿಗ್ಗೆ ತಾನೇ ಚಿಕ್ಕಮ್ಮ ಮಾತು ಕೊಟ್ಟಿದ್ದಳು.

ಆಗಿನಿಂದ ಗಡಿಬಿಡಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ.

* * *

ಹರಾಜು ಮುಗಿಯುವವರೆಗೆ ಬಿಡ್ ಹಾಕುವವರ ಹೆಸರು ಯಾರಿಗೂ ಕಾಣಿಸುವುದಿಲ್ಲ. ಬರೀ ನಂಬರ್ ಕಾಣಿಸುತ್ತದೆ. ಬೆಳಿಗ್ಗೆ ಹನ್ನೊಂದು ಜನ ಇದ್ದರು. ಎರಡೂವರೆಯ ಹೊತ್ತಿಗೆ ಒಬ್ಬೊಬ್ಬರಾಗಿ ಕೈಬಿಟ್ಟು ಇಬ್ಬರೇ ಉಳಿದಿದ್ದರು. ನಾಲ್ಕನೇ ನಂಬರ್ ಮತ್ತು ಒಂಬತ್ತನೇ ನಂಬರ್.

“ಈ ನಾಲ್ಕನೇ ನಂಬರ್ ಯಾವುದೋ ದೊಡ್ಡ ಅಂಗಡಿ ಇಟ್ಟಿರೋ ಮನುಷ್ಯ,” ಎಂದರು ತಾತ. “ಹೊಟ್ಟೆ ಮುಂದೆ ಬಂದಿದೆ. ಬೆರಳಿಗೆ ಮೂರು ಉಂಗುರ.”

“ನಿನಗೆ ಹೇಗೆ ಗೊತ್ತು ತಾತ?”

“ಬಿಡ್ ಹಾಕೋ ಸ್ಟೈಲ್ ನೋಡು. ಒಂದೇ ಸಲಕ್ಕೆ ಮುನ್ನೂರು ಏರಿಸ್ತಾನೆ. ಒಂಬತ್ತು ಪಾಪ, ನೂರು ನೂರು ಸೇರಿಸುತ್ತೆ. ಆದ್ರೆ ಬಿಡಲ್ಲ ನೋಡು, ಜಿಗಣೆ.”

“ಒಂಬತ್ತು ನಮ್ಮ ಪಾರ್ಟಿ,” ಎಂದು ಗಡಿಬಿಡಿ ಘೋಷಿಸಿದಳು.

ಮೂರು ಸಾವಿರದ ಆರುನೂರು. ಮೂರು ಸಾವಿರದ ಒಂಬೈನೂರು. ನಾಲ್ಕು ಸಾವಿರ! ಟಣ್ ಟಣ್ ಟಣ್!

ಚಿಕ್ಕಮ್ಮ ಇಂಥದಕ್ಕೆಲ್ಲ ಕುಣಿಯುವವಳಲ್ಲ. ಅವಳು ನೆಲದ ಮೇಲೆ ಕೂತು ಬೇರೊಂದು ಪಾರ್ಸಲ್ಲಿಗೆ ಟೇಪ್ ಹಚ್ಚುತ್ತಿದ್ದಳು. ಆದರೆ ಒಂದೇ ಜಾಗಕ್ಕೆ ಮೂರು ಸಲ ಟೇಪ್ ಹಚ್ಚಿದ್ದನ್ನು ಗಡಿಬಿಡಿ ನೋಡಿದಳು.

“ಇದರ ಜೊತೇದು ಎಷ್ಟಕ್ಕೆ ಹೋಗಿತ್ತು?” ಎಂದು ಕೇಳಿದರು ತಾತ.

“ಸಾವಿರದ ಎಂಟುನೂರು. ಇದಕ್ಕೇನು ರೆಕ್ಕೆ ಬಂದಿದೆಯೋ ಗೊತ್ತಿಲ್ಲ.”

ಮೂರೂ ಇಪ್ಪತ್ತಕ್ಕೆ ಲ್ಯಾಪ್‌ಟಾಪ್ ಟಿಂಗ್ ಎಂದಿತು. ಬಿಡ್ ಅಲ್ಲ, ಮೆಸೇಜ್. ಕಳಿಸಿದವರು ಒಂಬತ್ತು!

ಗಡಿಬಿಡಿ ಜೋರಾಗಿ ಓದಿದಳು. “ನಮಸ್ಕಾರ. ಬಾಟಲಿಯ ಕುತ್ತಿಗೆಯ ಮೇಲೂ ಮುಚ್ಚಳದ ಒಳಗಿಳಿಯುವ ಕಾಲಿನ ಮೇಲೂ ಗೀಚಿದ ನಂಬರ್ ಇರುತ್ತದೆ. ಎರಡನ್ನೂ ಫೋಟೊ ತೆಗೆದು ಕಳಿಸುತ್ತೀರಾ?”

“ಯಾರೋ ವಿಷಯ ಗೊತ್ತಿರೋರು,” ಎಂದು ಚಿಕ್ಕಮ್ಮ ಮೆಚ್ಚಿಕೊಂಡಳು.

“ಯಾವ ನಂಬರ್?”

“ಆ ಕಾಲದಲ್ಲಿ ಮುಚ್ಚಳ ಅಚ್ಚಿನಲ್ಲಿ ಮಾಡಿ ಹಾಗೇ ಹಾಕ್ತಿರಲಿಲ್ಲ,” ಎಂದರು ತಾತ, ಚಮಚವನ್ನೇ ಮುಚ್ಚಳದಂತೆ ಲೋಟದೊಳಗೆ ತಿರುಗಿಸುತ್ತ. “ಒಂದು ಬಾಟಲಿಗೆ ಒಂದು ಮುಚ್ಚಳ. ಮರಳು ಹಾಕಿ, ನೀರು ಹಾಕಿ, ಆ ಬಾಯಿಗೇ ತಿರುಗಿಸಿ ತಿರುಗಿಸಿ ತೇಯ್ತಿದ್ರು, ಗಾಳಿನೂ ಹೋಗಬಾರದು ಅನ್ನೋ ಹಾಗೆ. ಬೇರೆ ಬಾಟಲಿಗೆ ಹಾಕಿದ್ರೆ ಅದು ಕೂರಲ್ಲ. ಅದಲುಬದಲಾಗದೇ ಇರಲಿ ಅಂತ ಎರಡಕ್ಕೂ ಒಂದೇ ನಂಬರ್ ಗೀಚೋರು.”

“ತಂದ ದಿನವೇ ನೋಡಿದೀನಿ, ಎರಡು ಬಾಟಲಿದೂ ಸರಿ ಇತ್ತು,” ಎಂದಳು ಚಿಕ್ಕಮ್ಮ. “ಹೋಗಿ ಫೋಟೊ ತೆಗೆದು ಕಳಿಸು. ನನ್ನ ಕೈ ಅಂಟಾಗಿದೆ. ಭೂತಗನ್ನಡಿ ಡ್ರಾಯರ್‌ನಲ್ಲಿದೆ. ನಿಧಾನ!”

* * *

ಗಡಿಬಿಡಿ ಕಪಾಟಿನಿಂದ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬಳಿ ತಂದಳು. ಕುತ್ತಿಗೆಗೆ ತೆಳುವಾದ ಚಿನ್ನದ ಗೆರೆ, ಮುಚ್ಚಳ ಮೊಗ್ಗಿನ ಆಕಾರದ್ದು. ಭೂತಗನ್ನಡಿ ಹಿಡಿದು ಕುತ್ತಿಗೆಯನ್ನು ನೋಡಿದಳು. ಕೂದಲಿನಷ್ಟು ಸಣ್ಣ ಗೀರುಗಳು. ಐದು, ಎರಡು. ಐವತ್ತೆರಡು!

ಮುಚ್ಚಳ ತೆಗೆದಳು. ಸುಲಭವಾಗಿ ಬಂತು. ಅದರ ಒರಟು ಕಾಲನ್ನು ಬೆಳಕಿಗೆ ಹಿಡಿದಳು.

ಮೂವತ್ತನಾಲ್ಕು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬಾಟಲಿ ಐವತ್ತೆರಡು. ಮುಚ್ಚಳ ಮೂವತ್ತನಾಲ್ಕು.

ಆ ದಿನದ ನೆನಪು ಒಮ್ಮೆಗೇ ಬಂತು. ಅವಳು ಮೊದಲ ಬಾಟಲಿಯನ್ನು ತೊಳೆಯುತ್ತಿದ್ದಳು. ಕೆಳಗೆ ಬೀದಿಯಲ್ಲಿ ಟ್ರಿಣ್ ಟ್ರಿಣ್ ಎಂದು ಗೆಳತಿಯ ಸೈಕಲ್ ಬೆಲ್ ಆಯಿತು. “ಬೇಗ ಬಾರೇ!” ಬೇಗ ಮುಗಿಯಲೆಂದು ಗಡಿಬಿಡಿ ಎರಡನೇ ಬಾಟಲಿಯನ್ನೂ ಅದೇ ಟಬ್ಬಿಗೆ ಇಳಿಸಿದ್ದಳು. ಎರಡು ಬಾಟಲಿ, ಎರಡು ಮುಚ್ಚಳ, ಎಲ್ಲ ಒಟ್ಟಿಗೆ. ಒರೆಸಿ ಮುಚ್ಚುವಾಗ ಒಂದು ಮುಚ್ಚಳ ಬಿಗಿಯಾಗಿತ್ತು, ಇನ್ನೊಂದು ಸ್ವಲ್ಪ ಅಲ್ಲಾಡುತ್ತಿತ್ತು. ಹಳೇದಲ್ವಾ ಎಂದುಕೊಂಡು ಮೆಟ್ಟಿಲಿಳಿದು ಓಡಿದ್ದಳು.

ಏನೂ ಒಡೆದಿರಲಿಲ್ಲ. ಅದಕ್ಕೇ ಏನೂ ತಪ್ಪಾಗಿಲ್ಲ ಎಂದುಕೊಂಡಿದ್ದಳು.

“ನಾಲ್ಕು ಸಾವಿರದ ಆರುನೂರು!” ತಾತ ಆಚೆಯಿಂದ ಕೂಗಿದರು. ಟಣ್!

ಗಡಿಬಿಡಿ ಮುಚ್ಚಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಹೇಳಿದರೆ ಏನಾಗುತ್ತದೆ? ಹರಾಜು ಹಾಳಾಗುತ್ತದೆ. ತೊಳೆಯುವ ಕೆಲಸ ಹೋಗುತ್ತದೆ. ಮತ್ತೆ ಗುಳ್ಳೆ ಶೀಟು, ಮತ್ತೆ ‘ಅವಳ ಕೈಗೆ ಕೊಡಬೇಡಿ’. ಅಮ್ಮ ಅಂತೂ “ನಾನು ಮೊದಲೇ ಹೇಳಿರಲಿಲ್ವಾ?” ಎನ್ನುತ್ತಾಳೆ. ಅದನ್ನು ಕೇಳುವುದೇ ಎಲ್ಲಕ್ಕಿಂತ ಕಷ್ಟ.

ಅವಳು ಫೋನ್ ಎತ್ತಿ ಮುಚ್ಚಳದ ಮೇಲೆ ಹಿಡಿದಳು. ಕ್ಲಿಕ್ ಮಾಡುವಾಗ ಕೈಯನ್ನು ಸ್ವಲ್ಪ ಅಲ್ಲಾಡಿಸಿದಳು. ಬೇಕೆಂದೇ ಅಲ್ಲಾಡಿಸಿದಳು. ಫೋಟೊದಲ್ಲಿ ನೀಲಿಯ ಮೇಲೆ ಬೆಳ್ಳಗೆ ಏನೋ ಮಸುಕಾಗಿ ಕಂಡಿತು. ಅದು ಮೂವತ್ತನಾಲ್ಕೂ ಆಗಬಹುದಿತ್ತು, ಐವತ್ತೆರಡೂ ಆಗಬಹುದಿತ್ತು, ಸೊಳ್ಳೆಯೂ ಆಗಬಹುದಿತ್ತು.

ಕಳಿಸಿಬಿಟ್ಟಳು.

“ಕಳಿಸಿದ್ಯಾ?” ಎಂದಳು ಚಿಕ್ಕಮ್ಮ.

“ಹೂಂ.”

“ಜಾಣೆ.”

ಗಡಿಬಿಡಿ ಬಂದು ಕುರ್ಚಿಯಲ್ಲಿ ಕೂತಳು. ಈ ಸಲ ನಿಜವಾಗಿ ಕೂತಳು. ಕುಣಿಯಲಿಲ್ಲ.

ಐದು ಸಾವಿರ. ಐದು ಸಾವಿರದ ನೂರು. ಐದು ಸಾವಿರದ ನಾನೂರು. ತಾತ ಎದ್ದು ನಿಂತಿದ್ದರು. ಅವರ ಲೋಟಕ್ಕೆ ಗುಳಿ ಬೀಳುವುದೊಂದು ಬಾಕಿ. ಚಿಕ್ಕಮ್ಮ ಕೂಡ ಟೇಪು ಬಿಟ್ಟು ಎದ್ದು ಬಂದು ಹಿಂದೆ ನಿಂತಳು.

“ಐದೂವರೆ!” ಎಂದಳು ಚಿಕ್ಕಮ್ಮ. “ನನ್ನ ಜನ್ಮದಲ್ಲಿ ಒಂದು ಬಾಟಲಿ ಇಷ್ಟಕ್ಕೆ ಹೋಗಿಲ್ಲ.”

ಮೂರೂ ನಲವತ್ತೊಂದಕ್ಕೆ ಮತ್ತೆ ಟಿಂಗ್.

“ಏನಂತೆ? ಓದು,” ಎಂದರು ತಾತ.

ಗಡಿಬಿಡಿ ಓದಿದಳು. ಈ ಸಲ ದನಿ ಏಳಲಿಲ್ಲ. “ಫೋಟೊ ಮಸುಕಾಗಿದೆ. ಪರವಾಗಿಲ್ಲ. ನನಗೆ ಮೂರೂ ಐವತ್ತಕ್ಕೆ ಡ್ಯೂಟಿ, ಆಮೇಲೆ ಫೋನ್ ಆಫ್. ಮುಚ್ಚಳ, ಬಾಟಲಿ ಎರಡರ ನಂಬರೂ ಒಂದೇನಾ, ಬೇರೆ ಬೇರೆನಾ ಅಂತ ಹೇಳಿ ಸಾಕು. ಅದನ್ನು ನೋಡಿಕೊಂಡು ಕೊನೆಯ ಬಿಡ್ ಯೋಚನೆ ಮಾಡುತ್ತೇನೆ. ನಿಮ್ಮ ಮಾತನ್ನು ನಂಬುತ್ತೇನೆ.”

“ಒಂದೇ ಅಂತ ಹಾಕು,” ಎಂದಳು ಚಿಕ್ಕಮ್ಮ. “ಬೇಗ! ಒಂಬತ್ತು ನಿಮಿಷ ಇದೆ ಅವರಿಗೆ.”

ಎರಡೇ ಅಕ್ಷರ. ಗಡಿಬಿಡಿ ‘ಒಂದೇ’ ಎಂದು ಟೈಪ್ ಮಾಡಿದಳು. ಕಳಿಸುವ ಬಟನ್ನಿನ ಮೇಲೆ ಬೆರಳಿಟ್ಟಳು. ಇಡೀ ಜನ್ಮದಲ್ಲಿ ಯಾವ ಕೆಲಸವನ್ನೂ ಯೋಚಿಸದೆ ಮಾಡಿದ ಬೆರಳು ಅದು. ಈಗ ಒತ್ತು ಎಂದರೂ ಒತ್ತಲಿಲ್ಲ.

ನಿಮ್ಮ ಮಾತನ್ನು ನಂಬುತ್ತೇನೆ ಎಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ‘ಹೋಂವರ್ಕ್ ಮಾಡಿದೀನಿ’ ಎಂದರೆ ಟೀಚರ್ ‘ತೋರಿಸು’ ಎನ್ನುತ್ತಿದ್ದರು. ‘ಕೈ ತೊಳೆದೆ’ ಎಂದರೆ ಅಮ್ಮ ಕೈ ಮೂಸಿ ನೋಡುತ್ತಿದ್ದಳು.

“ಏನಾಯ್ತೇ? ನೆಟ್ ಹೋಯ್ತಾ?”

“ಚಿಕ್ಕಮ್ಮಾ…”

“ಏನು?”

“ಒಂದೇ ಅಲ್ಲ.” ಗಡಿಬಿಡಿ ಪರದೆಯನ್ನೇ ನೋಡುತ್ತ ಒಂದೇ ಉಸಿರಿಗೆ ಹೇಳಿದಳು. “ಬಾಟಲಿ ಐವತ್ತೆರಡು, ಮುಚ್ಚಳ ಮೂವತ್ತನಾಲ್ಕು. ನಾನೇ ಅವತ್ತು ಎರಡನ್ನೂ ಒಟ್ಟಿಗೆ ಟಬ್ಬಿಗೆ ಹಾಕ್ದೆ. ಸೈಕಲ್ ಬೆಲ್ ಆಯ್ತು, ಅದಕ್ಕೆ. ಅದಲುಬದಲಾಗಿದೆ. ಫೋಟೊನೂ ನಾನೇ ಬೇಕಂತ ಬ್ಲರ್ ಮಾಡ್ದೆ.”

ತಾತನ ಚಮಚ ಅರ್ಧಕ್ಕೇ ನಿಂತಿತು.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಬಳಿ ಹೋಗಿ, ಭೂತಗನ್ನಡಿ ಹಿಡಿದು, ಬಾಟಲಿ ನೋಡಿದಳು. ಮುಚ್ಚಳ ನೋಡಿದಳು. ಬಂದು, ಗಡಿಬಿಡಿಯನ್ನು ಕುರ್ಚಿಯಿಂದ ಇಳಿಸಿ, ತಾನೇ ಕೂತಳು. ‘ಒಂದೇ’ ಎಂಬುದನ್ನು ಅಳಿಸಿ ಹೊಸದಾಗಿ ಬರೆದಳು. “ಕ್ಷಮಿಸಿ. ಬೇರೆ ಬೇರೆ. ತಪ್ಪು ನಮ್ಮದು.”

ಕಳಿಸಿದಳು.

“ಹೋಯ್ತು ಒಂಬತ್ತು,” ಎಂದು ತಾತ ಮೆಲ್ಲಗೆ ಹೇಳಿ ಕೂತುಬಿಟ್ಟರು.

ಆದರೆ ಹತ್ತು ಸೆಕೆಂಡೂ ಆಗಿರಲಿಲ್ಲ, ಟಿಂಗ್!

“ಮುಚ್ಚಳದ ಮೇಲೆ ಮೂವತ್ತನಾಲ್ಕು ಇದೆಯಾ????”

ಒಂದಲ್ಲ, ನಾಲ್ಕು ಪ್ರಶ್ನಾರ್ಥಕ ಚಿಹ್ನೆ. ಮೂವರೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

“ಇವರಿಗೆ ಹೇಗೆ ಗೊತ್ತಾಯ್ತು?” ಎಂದಳು ಗಡಿಬಿಡಿ. “ನಾವು ನಂಬರ್ ಹೇಳೇ ಇಲ್ವಲ್ಲ!”

ಚಿಕ್ಕಮ್ಮ ಹೌದೆಂದು ಬರೆದು ತನ್ನ ಫೋನ್ ನಂಬರ್ ಹಾಕಿದಳು. ತಕ್ಷಣ ಫೋನ್ ಬಂತು. ಸ್ಪೀಕರಿಗೆ ಹಾಕಿದಳು. ಹಿಂದೆ ಇಂಜಿನ್ನುಗಳ ಗುರ್ರ್ ಎನ್ನುವ ಸದ್ದು, ಹಾರ್ನು, ಯಾರೋ ಊರುಗಳ ಹೆಸರು ಕೂಗುವುದು. ಅದರ ಮಧ್ಯೆ ಒಬ್ಬ ಹೆಂಗಸಿನ ದೊಡ್ಡ ದನಿ.

“ಮೇಡಂ, ನಾನು ಒಂಬತ್ತು! ಬಸ್ ಡ್ರೈವರ್. ಸ್ಟ್ಯಾಂಡಿಂದ ಮಾತಾಡ್ತಿದೀನಿ, ಗಾಡಿ ಹೊರಡೋಕೆ ಐದೇ ನಿಮಿಷ ಇದೆ. ಹೋದ ತಿಂಗಳು ನಿಮ್ಮ ಹತ್ರಾನೇ ಒಂದು ನೀಲಿ ಬಾಟಲಿ ತಗೊಂಡಿದ್ದೆ. ಅದರ ಕುತ್ತಿಗೇಲಿ ಮೂವತ್ತನಾಲ್ಕು, ಮುಚ್ಚಳದಲ್ಲಿ ಐವತ್ತೆರಡು!”

ತಾತ ಲೋಟವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

“ಅಯ್ಯೋ, ಮತ್ತೆ ಆಗಲೇ ಹೇಳಬೇಕಿತ್ತಲ್ಲ ನೀವು!” ಎಂದಳು ಚಿಕ್ಕಮ್ಮ.

“ಹಳೇ ಸಾಮಾನು ಮೇಡಂ, ಯಾವ ಕಾಲದಲ್ಲಿ ಯಾರ ಕೈಲಿ ಬದಲಾಗಿತ್ತೋ ಅಂದ್ಕೊಂಡೆ. ಕಿಟಕೀಲಿ ಇಟ್ಟಿದೀನಿ. ಮನೆ ಮುಂದೆ ಲಾರಿ ಹೋದ್ರೆ ಸಾಕು, ಮುಚ್ಚಳ ಕಟಕಟ ಅನ್ನುತ್ತೆ. ಮೊನ್ನೆ ಈ ಎರಡನೇ ಬಾಟಲಿ ಫೋಟೊ ನೋಡಿದೆ. ನನ್ನ ಮುಚ್ಚಳ ಇದರ ತಲೆ ಮೇಲಿರಬಹುದಾ ಅಂತ ಅನುಮಾನ ಬಂತು. ಬರೀ ಅನುಮಾನದ ಮೇಲೆ ನಿಮ್ಮದು ತಪ್ಪು ಅಂತ ಹೇಗೆ ಹೇಳೋದು? ಕೈತಪ್ಪಿ ಹೋದ್ರೆ ಅನ್ನೋ ಭಯಕ್ಕೆ ಬಿಡ್ ಹಾಕ್ತಾ ಹೋದೆ. ನಂಬರ್ ಒಂದೇ ಅಂದಿದ್ರೆ ಬಿಟ್ಟುಬಿಡ್ತಿದ್ದೆ.”

“ಒಂದು ಮುಚ್ಚಳಕ್ಕೋಸ್ಕರ ಐದೂವರೆ ಸಾವಿರನಾ?” ತಾತನಿಗೆ ತಡೆಯಲಾಗಲಿಲ್ಲ.

ಆ ಕಡೆಯಿಂದ ನಗು ಕೇಳಿತು. “ರಜೆಗೆ ಸಮುದ್ರ ನೋಡೋಕೆ ಹೋಗೋಣ ಅಂತ ಇಟ್ಟಿದ್ದೆ ಸಾರ್. ಸಮುದ್ರನೂ ನೀಲಿ, ಬಾಟಲೀನೂ ನೀಲಿ ಅಂತ ಸಮಾಧಾನ ಮಾಡ್ಕೊಂಡೆ.”

ಗಡಿಬಿಡಿಯ ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಅವಳು ಕುಣಿದದ್ದು, ತಾತ ಲೋಟ ಬಾರಿಸಿದ್ದು, ನೂರು ನೂರು ಎಂದು ಅಂಕಿ ಏರಿದ್ದು, ಎಲ್ಲ ಇದಕ್ಕಾ? ಆ ಡ್ರೈವರಮ್ಮನದ್ದೇ ಆಗಿದ್ದ ಮುಚ್ಚಳವನ್ನು ಆಕೆಗೇ ಮಾರುತ್ತಿದ್ದೆವಾ?

“ನೀವು ಬಿಡ್ ಹಾಕಬೇಡಿ,” ಎಂದಳು ಚಿಕ್ಕಮ್ಮ. ಅವಳ ಕೈ ಆಗಲೇ ಹರಾಜು ನಿಲ್ಲಿಸುವ ಬಟನ್ ಹುಡುಕುತ್ತಿತ್ತು. “ನಾನು ಇದನ್ನ ಈಗಲೇ ನಿಲ್ಲಿಸ್ತೀನಿ. ನಿಮ್ಮ ಮುಚ್ಚಳ ನಾಳೆ ಬೆಳಿಗ್ಗೆ ಪೋಸ್ಟಿಗೆ ಹೋಗುತ್ತೆ. ನಮ್ಮದನ್ನ ನೀವು ಕಳಿಸಿ, ಖರ್ಚು ನಮ್ಮದು.”

“ನಿಜವಾಗ್ಲೂನಾ? ಅಯ್ಯೋ ದೇವರೇ! ಕಂಡಕ್ಟರ್ ಕೂಗ್ತಿದಾನೆ, ಬಂದೇ ಮಾರಾಯ! ಥ್ಯಾಂಕ್ಸ್ ಮೇಡಂ!”

ಫೋನ್ ಕಟ್ ಆಯಿತು. ಮೂರೂ ನಲವತ್ತೊಂಬತ್ತು. ಪರದೆಯ ಮೇಲೆ ಐದು ಸಾವಿರದ ಐನೂರು ಇದ್ದ ಜಾಗದಲ್ಲಿ ‘ಮಾರುವವರು ಹರಾಜನ್ನು ರದ್ದು ಮಾಡಿದ್ದಾರೆ’ ಎಂಬ ಸಾಲು ಬಂತು. ಮರುನಿಮಿಷವೇ ನಾಲ್ಕನೇ ನಂಬರಿನಿಂದ ಮೆಸೇಜ್. “ಇದೇನು ಹುಡುಗಾಟವೇ?”

“ಮೂರು ಉಂಗುರದವನಿಗೆ ಕೋಪ ಬಂದಿದೆ,” ಎಂದರು ತಾತ.

* * *

ಗಡಿಬಿಡಿ ಮೂಲೆಗೆ ಹೋಗಿ, ಯಾರೂ ಹೇಳದೆಯೇ ಗುಳ್ಳೆ ಶೀಟು ಕತ್ತರಿಸತೊಡಗಿದಳು. ಕಣ್ಣು ಮಂಜಾಗಿ ಕತ್ತರಿ ಎಲ್ಲೆಲ್ಲೋ ಹೋಗುತ್ತಿತ್ತು.

ಚಿಕ್ಕಮ್ಮ ನಾಲ್ಕನೇ ನಂಬರಿಗೆ ಉದ್ದದ ಉತ್ತರ ಬರೆದು ಮುಗಿಸಿ ಬಂದು ಅವಳ ಪಕ್ಕ ಕೂತಳು.

“ನನಗೆ ಸಿಟ್ಟು ಬಂದಿದೆ,” ಎಂದಳು.

“ಗೊತ್ತು.”

“ಮುಚ್ಚಳಕ್ಕಲ್ಲ. ಮುಚ್ಚಳ ನನ್ನ ಕೈಲೂ ಬದಲಾಗಿದೆ, ಕಲಿಯೋ ಕಾಲದಲ್ಲಿ. ಆ ಫೋಟೊಗೆ. ನಾನು ನಿನ್ನನ್ನ ಜಾಣೆ ಅಂದೆ.”

ಗಡಿಬಿಡಿ ಬಿಕ್ಕಳಿಸಿ ಅತ್ತಳು. ಚಿಕ್ಕಮ್ಮ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಅಲ್ಲೇ ಇದ್ದ ಶೀಟಿನ ಗುಳ್ಳೆಯೊಂದನ್ನು ಟಪ್ ಎಂದು ಒಡೆದಳು. ಗಡಿಬಿಡಿಯೂ ಒಂದನ್ನು ಒಡೆದಳು. ಹಾಗೆ ಇಬ್ಬರೂ ಒಂದು ಸಾಲನ್ನು ಮುಗಿಸಿದರು.

“ಪ್ಯಾಕಿಂಗ್ ಸಾಮಾನು ಹಾಳು ಮಾಡಬೇಡಿ ಅಂತ ನನಗೆ ಬೈತೀರಿ,” ಎಂದು ತಾತ ಗೊಣಗಿದರು.

ಮೂವತ್ತನಾಲ್ಕನೇ ನಂಬರಿನ ಮುಚ್ಚಳ ಮಾರನೇ ದಿನವೇ ಹೊರಟಿತು. ಐವತ್ತೆರಡು ಬಂದದ್ದು ಶನಿವಾರ. “ಗಡಿಬಿಡಿ, ಪಾರ್ಸಲ್!” ಎಂದು ಪೋಸ್ಟ್‌ಮ್ಯಾನ್ ಕೆಳಗಿನಿಂದಲೇ ಕೂಗಿದ. ಅವಳು ಅದನ್ನು ಎದೆಗೊತ್ತಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಮೇಜಿನ ಮೇಲೆ ಚಿಕ್ಕಮ್ಮನ ಮುಂದಿಟ್ಟು ದೂರ ನಿಂತಳು.

ಚಿಕ್ಕಮ್ಮ ಅದನ್ನು ಅವಳ ಕಡೆಗೇ ತಳ್ಳಿದಳು. “ನೀನೇ ತೆಗಿ.”

“ನಾನಾ?”

“ಮತ್ತೆ ತಾತನಾ? ಅವರು ಗುಳ್ಳೆ ಒಡೀತಾ ಸಂಜೆ ಮಾಡ್ತಾರೆ.”

ಡ್ರೈವರಮ್ಮ ಮುಚ್ಚಳವನ್ನು ಒಂದು ಹಳೆಯ ಉಣ್ಣೆಯ ಸಾಕ್ಸಿನೊಳಗೆ ಹಾಕಿ, ಆ ಸಾಕ್ಸನ್ನು ಇನ್ನೊಂದು ಸಾಕ್ಸಿನೊಳಗೆ ಹಾಕಿ ಕಳಿಸಿದ್ದರು. ಒಂದು ಹಸಿರು, ಒಂದು ಕೆಂಪು. ಗಡಿಬಿಡಿಗೆ ಆಕೆ ಇನ್ನೂ ಇಷ್ಟವಾದರು. ಜೊತೆಗೊಂದು ಫೋಟೊ ಇತ್ತು. ಕಿಟಕಿಯಲ್ಲಿ ಸಾಲಾಗಿ ಏಳು ನೀಲಿ ಬಾಟಲಿ. ಹಿಂದೆ ಬರೆದಿತ್ತು: “ಈಗ ಲಾರಿ ಹೋದರೂ ಸದ್ದಿಲ್ಲ.”

ಗಡಿಬಿಡಿ ಮುಚ್ಚಳವನ್ನು ಒರೆಸಿದಳು. ನಂಬರ್ ನೋಡಿದಳು. ಬಾಟಲಿಯ ನಂಬರ್ ನೋಡಿದಳು. ಮತ್ತೊಮ್ಮೆ ಎರಡನ್ನೂ ನೋಡಿದಳು. ಆಮೇಲೆ ಅದನ್ನು ಬಾಟಲಿಯ ಬಾಯಿಗಿಟ್ಟು ಮೆಲ್ಲಗೆ ತಿರುಗಿಸಿದಳು. ಸರ್ರ್ ಎಂದು ಒರಟು ಗಾಜು ಒಂದಕ್ಕೊಂದು ತಾಗುವ ಸದ್ದು. ಆಮೇಲೆ ಸದ್ದೇ ಇಲ್ಲ. ಬೆರಳಲ್ಲಿ ತಟ್ಟಿದರೂ ಅಲ್ಲಾಡಲಿಲ್ಲ.

“ಕೂತ್ಕೊಂಡ್ತು,” ಎಂದಳು, ಪಿಸುದನಿಯಲ್ಲಿ.

ಹರಾಜು ಮತ್ತೆ ಶುರುವಾಯಿತು. ಈ ಸಲ ವಿವರಣೆಯ ಕೊನೆಯ ಸಾಲನ್ನು ಅವಳೇ ಟೈಪ್ ಮಾಡಿದಳು: ‘ಬಾಟಲಿ 52, ಮುಚ್ಚಳ 52.’ ಫೋಟೊ ಎಷ್ಟು ಸ್ಪಷ್ಟವಾಗಿತ್ತೆಂದರೆ ಗೀರುಗಳನ್ನು ಎಣಿಸಬಹುದಿತ್ತು. ನಾಲ್ಕನೇ ನಂಬರ್ ಬರಲಿಲ್ಲ. ಬಂದವರು ಐದೇ ಜನ. ಭಾನುವಾರ ನಾಲ್ಕಕ್ಕೆ ಸರಿಯಾಗಿ ಎರಡು ಸಾವಿರದ ನೂರಕ್ಕೆ ನಿಂತಿತು.

“ಎರಡು ಸಾವಿರದ ನೂರು!” ಎಂದು ತಾತ ಐದೂವರೆ ಸಾವಿರಕ್ಕೆ ಬಾರಿಸುವಷ್ಟೇ ಜೋರಾಗಿ ಬಾರಿಸಿದರು. ಟಣ್!

ಗಡಿಬಿಡಿ ಕುರ್ಚಿಯ ಮೇಲೆ ಎದ್ದು ನಿಂತು ಕುಣಿದಳು. ಅಷ್ಟೇ ಖುಷಿಯಾಗಿತ್ತು, ಸುಳ್ಳಲ್ಲ.

ಆಮೇಲೆ ಚಿಕ್ಕಮ್ಮ ಒಳಗಿನಿಂದ ಟಬ್ಬು ತಂದು ಅವಳ ಮುಂದಿಟ್ಟಳು. ತಳದಲ್ಲಿ ಟವೆಲ್, ಮೇಲೆ ಉಗುರುಬೆಚ್ಚಗಿನ ನೀರು. ಪಕ್ಕದಲ್ಲಿ ಎರಡು ಜೇನು ಬಣ್ಣದ ಸಕ್ಕರೆ ಬಟ್ಟಲು, ಎರಡಕ್ಕೂ ಮುಚ್ಚಳ. ಅವನ್ನು ಅವಳಿಗೇ ಬಿಟ್ಟು ಅಡುಗೆಮನೆಗೆ ಹೋದಳು.

ಗಡಿಬಿಡಿ ತೋಳು ಮಡಚಿದಳು. ಒಂದು ಬಟ್ಟಲನ್ನು ನೀರಿಗೆ ಇಳಿಸಿದಳು. ಮೆತ್ತನೆ ಬಟ್ಟೆಯಿಂದ ಅಂಚು ಒರೆಸುತ್ತಿದ್ದಾಗ ಕೆಳಗೆ ಬೀದಿಯಲ್ಲಿ ಟ್ರಿಣ್ ಟ್ರಿಣ್ ಎಂದಿತು.

“ಬೇಗ ಬಾರೇ!”

“ಬಂದೇ!” ಎಂದು ಕೂಗಿದಳು. ಬಟ್ಟಲನ್ನು ಒರೆಸಿದಳು, ಅದರ ಮುಚ್ಚಳವನ್ನು ಒರೆಸಿದಳು, ಮುಚ್ಚಿ ಕಪಾಟಿನಲ್ಲಿಟ್ಟಳು. ಟಬ್ಬಿನ ಕಡೆ ತಿರುಗಿದಳು. ಇನ್ನೊಂದು ಬಟ್ಟಲು ಕಾಯುತ್ತಿತ್ತು.

ಟ್ರಿಣ್ ಟ್ರಿಣ್ ಟ್ರಿಣ್!

ಗಡಿಬಿಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಇನ್ನೊಂದು ಸುತ್ತು ಹೊಡ್ಕೊಂಡ್ ಬಾ!” ಎಂದು ಕೂಗಿ, ಕೈ ಒರೆಸಿಕೊಂಡು, ಎರಡನೇ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.